ಅವಳದೇ ಹೆಸರಿನ ಖಾತೆ

"ಇನ್ನೂ ಆಗಿಲ್ಲ ಅತ್ತೆ. ನನ್ನ ಮುಂದೆ ಒಬ್ಬ ಮಹಾನುಭಾವ ನಿಂತಿದ್ದಾನೆ. ಬ್ಯಾಂಕನ್ನೇ ಕೊಂಡ್ಕೊಂಡು ಹೋಗ್ತಾನೋ ಏನೋ!"

ಪರದೇಶದಲ್ಲಿ ಕನ್ನಡ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯದಲ್ಲಿ ಅವಳು ಫೋನಿನಲ್ಲಿ ಗಟ್ಟಿಯಾಗಿಯೇ ಹೇಳಿದ್ದಳು. ಮಹಾನುಭಾವ ತಿರುಗಿದ. ಗುಂಗುರು ಕೂದಲು, ಕನ್ನಡಕದ ಹಿಂದೆ ತುಂಟ ಕಣ್ಣು.

"ಕೊಂಡ್ಕೊಳ್ಳೋಣ ಅಂತಾನೇ ಬಂದೆ ಮೇಡಂ. ಆದ್ರೆ ಪಿನ್ ನಂಬರೇ ಮರೆತುಹೋಗಿದೆ."

ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. "ಸಾರಿ, ನೀವು ಕನ್ನಡದವರು ಅಂತ..." ಎಂದು ತೊದಲಿದಳು.

"ಕನ್ನಡದವನೂ ಹೌದು, ಕನ್ನಡಕದವನೂ ಹೌದು. ಎದುರುಗಡೆ ಕನ್ನಡಕದ ಅಂಗಡೀಲಿ ಕಣ್ಣು ಪರೀಕ್ಷೆ ಮಾಡೋ ಕೆಲಸ."

ಅವಳು ಆ ಊರಿನ ಆಸ್ಪತ್ರೆಗೆ ಫಿಸಿಯೋಥೆರಪಿಸ್ಟ್ ಆಗಿ ಬಂದು ಕೆಲವೇ ವಾರಗಳಾಗಿದ್ದವು. ಸೋದರತ್ತೆಯ ಮನೆಯಲ್ಲಿ ವಾಸ. "ಖಾತೆಗೀತೆ ಯಾಕಮ್ಮ? ಸಂಬಳ ನನ್ನ ಅಕೌಂಟಿಗೇ ಹಾಕಿಸ್ಕೋ, ಬೇಕಾದಾಗ ಕೇಳು" ಎಂದು ಮಾವ ಅಕ್ಕರೆಯಿಂದಲೇ ಹೇಳಿದ್ದರು. ಊರಿನಲ್ಲಿ ಅಪ್ಪನದೂ ಅದೇ ಮಾತು. ದುಡಿಯುವವಳು ಅವಳು, ಆದರೆ ಒಂದು ಜೊತೆ ಚಪ್ಪಲಿ ಕೊಳ್ಳಲೂ ಅಪ್ಪನ ಮುಂದೆ ನಿಂತು ಕೇಳಬೇಕಿತ್ತು. ಇನ್ನು ಅದು ಸಾಕು ಎಂದು ವಿಮಾನ ಹತ್ತುವಾಗಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಬ್ಯಾಂಕಿನ ಅಧಿಕಾರಿಣಿ ಮಾತ್ರ ಆಗುವುದಿಲ್ಲ ಎಂದುಬಿಟ್ಟಳು. ವಿಳಾಸಕ್ಕೆ ಪುರಾವೆ ಬೇಕು. ಬಾಡಿಗೆ ಕರಾರು, ಕರೆಂಟ್ ಬಿಲ್ಲು ಎಲ್ಲ ಮಾವನ ಹೆಸರಿನಲ್ಲಿವೆ. ಬೇರೆ ಕೋಣೆ ಹಿಡಿಯೋಣವೆಂದರೆ ಮನೆ ಮಾಲೀಕರು ಮೊದಲು ಬ್ಯಾಂಕ್ ಖಾತೆ ತೋರಿಸು ಎನ್ನುತ್ತಾರೆ.

ಸಪ್ಪೆ ಮೋರೆ ಹಾಕಿಕೊಂಡು ಹೊರಬಂದರೆ ಕನ್ನಡಕದವನು ಬಾಗಿಲಲ್ಲೇ ನಿಂತಿದ್ದ.

"ವಿಳಾಸದ ಕಥೆ ತಾನೇ? ನಾನೂ ಹೊಸದರಲ್ಲಿ ಹೀಗೇ ಸುತ್ತಿದ್ದೆ. ಇಂಥ ಮನೇಲಿ ಇದಾರೆ ಅಂತ ನಿಮ್ಮ ಆಸ್ಪತ್ರೆಯವರ ಹತ್ರ ಬರೆಸ್ಕೊಂಡು ಬನ್ನಿ. ಒಪ್ಕೋತಾರೆ."

ಒಪ್ಪಿಕೊಂಡರು. ಹೊಸ ಕಾರ್ಡು ಕೈಗೆ ಬಂದ ದಿನ ಅವಳು ನೇರ ಕನ್ನಡಕದ ಅಂಗಡಿಗೇ ಓಡಿದಳು. ಅವನು ಕಾರ್ಡನ್ನು ದೂರ ಹಿಡಿದು, ಒಂದು ಕಣ್ಣು ಮುಚ್ಚಿ, ಅವಳ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದ. ತನ್ನ ಹೆಸರು ಇಷ್ಟು ಚೆಂದವಿದೆಯೇ ಎಂದು ಅವಳಿಗೆ ಮೊದಲ ಸಲ ಅನ್ನಿಸಿತು.

ಅಲ್ಲಿಂದ ಶನಿವಾರಗಳು ಶುರುವಾದವು. ಅಂಗಡಿಯ ಪಕ್ಕದ ಕೆಫೆಯಲ್ಲಿ ಕೂತು ಅವನು ತೆರಿಗೆ, ವಿಮೆ ಎಂದು ಪಾಠ ಮಾಡುತ್ತಿದ್ದ.

"ಇಲ್ಲಿ ಸಾಲಾನೇ ಮಾಡದವರನ್ನ ಬ್ಯಾಂಕು ನಂಬಲ್ಲ. ಕ್ರೆಡಿಟ್ ಕಾರ್ಡಲ್ಲಿ ಸ್ವಲ್ಪ ಖರ್ಚು ಮಾಡಿ, ಆ ತಿಂಗಳೇ ಪೂರ್ತಿ ಕಟ್ಟಿಬಿಡಿ."

"ಅಯ್ಯೋ! ಸಾಲ ಇಲ್ಲದ ಹುಡುಗ ಅಂತ ಹೇಳ್ಕೊಂಡೇ ನಮ್ಮ ಕಡೆ ಎಷ್ಟು ಮದುವೆ ಆಗಿವೆ!"

"ಹಾಗಿದ್ರೆ ನನಗೆ ಕಷ್ಟ" ಎಂದು ಅವನು ಕಾಫಿ ಕಪ್ಪಿನೊಳಗೆ ನೋಡುತ್ತ ಹೇಳಿದ. ಅವನ ಕಿವಿ ಕೆಂಪೇರಿದ್ದನ್ನು ಅವಳು ಕದ್ದು ನೋಡಿದಳು.

ಒಂದು ಶನಿವಾರ ಅವಳು ಅಮ್ಮನಿಗೆ ದುಡ್ಡು ಕಳಿಸಲು ಕೂತಳು. ಅಪ್ಪನಿಗಲ್ಲ, ಅಮ್ಮನ ಖಾತೆಗೇ, ಮೊದಲ ಸಲ. ಬ್ಯಾಂಕಿನ ಆ್ಯಪ್ ತಪ್ಪು ತಪ್ಪು ಎಂದು ಹಟ ಹಿಡಿಯಿತು. ಅವನು ಅವಳ ಕೈಯಿಂದ ಫೋನು ತೆಗೆದುಕೊಂಡ.

"ಕೊಡಿ ಇಲ್ಲಿ. ಪಾಸ್‌ವರ್ಡ್ ಹೇಳಿ. ಇನ್ಮೇಲೆ ಇದನ್ನೆಲ್ಲ ನಾನೇ ನೋಡ್ಕೋತೀನಿ, ನಿಮಗ್ಯಾಕೆ ತಲೆನೋವು?"

ಅವಳ ಮುಖದ ನಗು ಆರಿಹೋಯಿತು. ಫೋನು ಕಿತ್ತುಕೊಂಡು, ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು. ಮುಂದಿನ ಶನಿವಾರ ಹೋಗಲಿಲ್ಲ. ಅದರ ಮುಂದಿನದೂ ಹಾಗೇ ಕಳೆಯಿತು. "ಏನೇ, ಮೇಷ್ಟ್ರಿಗೆ ರಜಾನಾ?" ಎಂದು ಅತ್ತೆ ಕೆಣಕಿದರೆ, ಉಜ್ಜಿ ಆಗಿದ್ದ ಸಿಂಕನ್ನೇ ಮತ್ತೆ ಉಜ್ಜಿದಳು.

ಕೊನೆಗೆ ಅವನೇ ಆಸ್ಪತ್ರೆಯ ಎದುರಿನ ಬಸ್‌ಸ್ಟಾಪಿಗೆ ಬಂದ.

"ಏನು ತಪ್ಪು ಮಾಡಿದೆ ಅಂತ ಯೋಚಿಸಿ ಯೋಚಿಸಿ ತಲೆ ಕೆಟ್ಟೋಯ್ತು. ಬೈದಾದ್ರೂ ಹೇಳಿ."

ಅವಳು ಎಲ್ಲ ಹೇಳಿದಳು. "ನಮ್ಮಪ್ಪ ಕೆಟ್ಟವರಲ್ಲ. ಅವರೂ 'ನಾನೇ ನೋಡ್ಕೋತೀನಿ' ಅಂತಾನೇ ಅಂತಿದ್ರು. ನೀವೂ ಅದನ್ನೇ ಅಂದ್ರಿ."

ಬಸ್ಸೊಂದು ಬಂದು ನಿಂತು ಹೋಯಿತು. ಇಬ್ಬರೂ ಹತ್ತಲಿಲ್ಲ.

"ಅದು ತಪ್ಪೇ. ಆದ್ರೆ ನಿಜ ಹೇಳ್ಲಾ? ನನಗೆ ಭಯ ಇತ್ತು. ನೀವು ಎಲ್ಲಾ ಕಲಿತುಬಿಟ್ರೆ, ಶನಿವಾರ ಬರೋಕೆ ನಿಮಗೆ ನೆಪಾನೇ ಇರಲ್ವಲ್ಲ ಅಂತ."

ಅವಳಿಗೆ ಸಿಟ್ಟು ಹಿಡಿದಿಟ್ಟುಕೊಳ್ಳಲು ಆಗಲಿಲ್ಲ; ನಗು ಉಕ್ಕಿತು. "ಕಲಿತು ಎಷ್ಟೋ ದಿನ ಆಯ್ತು. ವಿಮೆ ಬಗ್ಗೆ ನೀವು ಹೇಳಿದ್ದನ್ನೇ ಹೇಳ್ತಿದ್ರಿ, ನಾನು ಸುಮ್ನೆ ಕೇಳಿಸ್ಕೋತಿದ್ದೆ."

"ಯಾಕೆ?"

"ಊರಿನ ಕಣ್ಣೆಲ್ಲ ಪರೀಕ್ಷೆ ಮಾಡ್ತೀರಿ. ಎದುರಿಗಿರೋ ಕಣ್ಣಲ್ಲಿ ಏನಿದೆ ಅಂತ ಕಾಣಿಸಲ್ವಾ?"

ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಅವಳು ಬೆಂಚಿನ ಮೇಲೆ ಕೂತು ಆ್ಯಪ್ ತೆರೆದಳು. ಅವನು ಬೆನ್ನು ತಿರುಗಿಸಿ, ಕೈ ಹಿಂದೆ ಕಟ್ಟಿ, ಆಸ್ಪತ್ರೆಯ ಗೋಡೆ ನೋಡುತ್ತ ನಿಂತ. ಈ ಸಲ ಅಮ್ಮನ ಖಾತೆಗೆ ದುಡ್ಡು ಹೋಯಿತು. ಮರುದಿನ ಅಮ್ಮನ ಫೋನು: "ಬಂತು ಕಣೇ! ನನ್ನ ಮೊಬೈಲಿಗೇ ಮೆಸೇಜ್ ಬಂತು! ಇವತ್ತು ಯಾರನ್ನೂ ಕೇಳದೆ ಒಂದು ಸೀರೆ ತಗೋತೀನಿ." ಅಮ್ಮನ ದನಿಯ ಸಡಗರಕ್ಕೆ ಅವಳ ಕಣ್ಣು ತುಂಬಿ ಬಂತು.

ವರ್ಷ ತಿರುಗುವುದರೊಳಗೆ ಅವಳು ಸ್ವಂತಕ್ಕೆ ಒಂದು ಕೋಣೆ ಹಿಡಿದಳು. ಹೊಸ ವಿಳಾಸ ಬರೆಸಲು ಬ್ಯಾಂಕಿಗೆ ಹೊರಟಾಗ ಅವನೂ ಜೊತೆಗೆ ಬಂದ. ಅಧಿಕಾರಿಣಿ ಇಬ್ಬರನ್ನೂ ನೋಡಿ ಮುಗುಳ್ನಕ್ಕು, "ಜಂಟಿ ಖಾತೆ ಮಾಡಿಸುತ್ತೀರಾ? ಗಂಡ ಹೆಂಡಿರಿಗೆ ಅನುಕೂಲ" ಎಂದಳು.

ಗಾಬರಿಯಾಗಿ ಅವನು ಬಾಯಿ ತೆರೆಯುವ ಮೊದಲೇ ಅವಳು ಆ ದೇಶದ ಭಾಷೆಯಲ್ಲಿ ಸರಾಗವಾಗಿ ಹೇಳಿದಳು: "ಮದುವೆ ಇನ್ನೂ ಆಗಿಲ್ಲ, ಆಗುತ್ತೇವೆ. ಖಾತೆ ಮಾತ್ರ ಬೇರೆ ಬೇರೆಯೇ ಇರಲಿ."

ಅವನು ಕುರ್ಚಿಯ ಅಂಚಿಗೆ ಬಂದಿದ್ದ. "ಈಗ ಏನಂದ್ರಿ ಗೊತ್ತಾ?"

"ಯಾಕೆ, ವ್ಯಾಕರಣ ತಪ್ಪಿತ್ತಾ?"

"ವ್ಯಾಕರಣ ಸರಿಯಾಗೇ ಇತ್ತು. ಆದ್ರೂ... ಒಂದ್ಸಲ ಕನ್ನಡದಲ್ಲಿ ಹೇಳಿ."

ಅವಳು ಅವನ ಕಡೆ ಪೂರ್ತಿ ತಿರುಗಿದಳು. ಅಷ್ಟು ದಿನದ 'ನೀವು' ನಾಲಗೆಯಿಂದ ತಾನಾಗಿ ಜಾರಿಹೋಯಿತು.

"ನಿನ್ನನ್ನ ಮದುವೆ ಆಗ್ತೀನಿ ಕಣೋ. ಒಪ್ಪಿಗೆ ಇದೆಯಾ, ಇಲ್ವಾ? ಬೇಗ ಹೇಳು, ಪಾಪ ಅವರು ಕಾಯ್ತಾ ಇದಾರೆ."

"ಇದೆ, ಇದೆ, ಇದೆ!" ಎಂದು ಅವನು ಕೂಗಿದ ರಭಸಕ್ಕೆ ಬ್ಯಾಂಕಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಧಿಕಾರಿಣಿಗೆ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ಅವನ ಮುಖ ನೋಡಿದವಳೇ ಕಂಪ್ಯೂಟರಿನಿಂದ ಕೈ ತೆಗೆದು ಜೋರಾಗಿ ಚಪ್ಪಾಳೆ ತಟ್ಟಿದಳು.