ಒಂದೇ ಬಟನ್ನಿನ ರಾಣಿ

"ಕೊಟ್ಬುಟ್ಟ! ಜೊನಾಥನ್, ನನ್ನ ಕೋಟೆನ ಕೊಟ್ಬುಟ್ಟ ಕಣೋ!"

ದೀಪಶ್ರೀ ಮೌಸನ್ನು ಮೇಜಿಗೆ ಕುಟ್ಟಿದಳು.

"ಮೌಸ್ ಏನ್ ಮಾಡ್ತು ಮಾರಾಯ್ತಿ, ಅದಕ್ಯಾಕೆ ಹೊಡೀತೀಯ?" ಜೊನಾಥನ್ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡ.

ಅದು ಅವನ ಅಕ್ಕ ಮೆಲಿಸ್ಸಾಳ ಹಳೇ ಲ್ಯಾಪ್‌ಟಾಪು. ಅಕ್ಕ ಮಂಗಳೂರಿನ ಕಾಲೇಜಿಗೆ ಹೋದಮೇಲೆ ಅದು ಜೊನಾಥನ್‌ನ ಪಾಲಾಗಿತ್ತು. ಶನಿವಾರ ಸ್ಕೂಲು ಬಿಟ್ಟರೆ ಆರನೇ ಕ್ಲಾಸಿನ ಈ ಇಬ್ಬರೂ ಅದರ ಮುಂದೆ ಹಾಜರ್. ಆಡುವುದು ಒಂದೇ ಗೇಮು, ಸಾವಿರ ವರ್ಷ ಹಿಂದಿನ ರಾಜವಂಶಗಳದು. ಯುದ್ಧ, ಮದುವೆ, ಮೋಸ ಎಲ್ಲಾ ಅದರಲ್ಲಿತ್ತು.

ಜೊನಾಥನ್ ತನಗೆ ಮಾತ್ರ ಗಡ್ಡದ ಚಕ್ರವರ್ತಿಯನ್ನು ಇಟ್ಟುಕೊಂಡಿದ್ದ. ದೀಪಶ್ರೀಗೆ ಕೊಟ್ಟಿದ್ದು ಎಂಟು ವರ್ಷದ ರಾಣಿ ಇಸಬೆಲ್‌ಳನ್ನು. "ಹೊಸಬರಿಗೆ ಇದೇ ಈಸಿ," ಅಂದಿದ್ದ.

ಈಸಿಯೇನೋ ಹೌದು. ಮಾಡುವುದಕ್ಕೆ ಏನೂ ಇರಲಿಲ್ಲವಲ್ಲ!

ಎಲ್ಲವನ್ನೂ ರಾಲ್ಫ್ ಚಿಕ್ಕಪ್ಪನೇ ಮಾಡುತ್ತಿದ್ದ. ರಾಣಿ ದೊಡ್ಡವಳಾಗುವವರೆಗೆ ಅವಳ ಹೆಸರಿನಲ್ಲಿ ಅವನದೇ ಆಳ್ವಿಕೆ. ರಾಜ್ಯ ರಾಣಿಯದು, ಭಾರ ಪ್ರಜೆಗಳದು, ಲಾಭ ಚಿಕ್ಕಪ್ಪನದು. ಈಗ ತೆರೆಯ ಮೇಲೆ ಒಂದು ಪೆಟ್ಟಿಗೆ ಮೂಡಿತ್ತು. ಅದರಲ್ಲಿದ್ದ ಇಂಗ್ಲಿಷನ್ನು ಜೊನಾಥನ್ ಕನ್ನಡ ಮಾಡಿ ಓದಿದ: "ಮಹಾರಾಣಿಯವರ ಹೆಸರಿನಲ್ಲಿ, ಹೊಳೆದಂಡೆ ಕೋಟೆಯನ್ನು ನನ್ನ ಮಗನಿಗೆ ಕೊಡಲಾಗಿದೆ."

"ಕೋಟೆ ಕೊಟ್ಟೆ ಅಂತ ಕೋಟು ಹಾಕ್ಕೊಂಡು ಹೇಳ್ತಾನೆ ನೋಡು!" ದೀಪಶ್ರೀ ಎದ್ದು ನಿಂತಳು. ಕೆನ್ನೆ ಉಬ್ಬಿಸಿದಳು, ಇಲ್ಲದ ಹೊಟ್ಟೆಯನ್ನು ಮುಂದಕ್ಕೆ ತಂದಳು, ಕೈಗಳನ್ನು ಬೆನ್ನ ಹಿಂದೆ ಕಟ್ಟಿದಳು. "ಎಲ್ಲಾ ಮಕ್ಕಳ ಒಳ್ಳೇದಕ್ಕೇ. ಅಲ್ವೇನಮ್ಮಾ? ಅಲ್ವೇನಮ್ಮಾ?"

ಜೊನಾಥನ್ ಪಕಪಕ ನಕ್ಕವನು ಗಕ್ಕನೆ ಬಾಯಿ ಮುಚ್ಚಿಕೊಂಡ. ಆ ದನಿ ರಾಲ್ಫ್ ಚಿಕ್ಕಪ್ಪನದಲ್ಲ, ಯೋಗಾನಂದಣ್ಣನದು. ಊರಿನ ದೊಡ್ಡ ಎಸ್ಟೇಟು ಅವರದೇ. ಜೊನಾಥನ್‌ನ ಅಪ್ಪ ಪಿಯೂಸ್ ಅಲ್ಲೇ ಲೆಕ್ಕ ಬರೆಯುವ ರೈಟರು.

"ಮೆತ್ತಗೆ ಕಣೇ! ಅಪ್ಪ ಒಳಗವ್ರೆ."

"ಸರಿ, 'ಬೇಡ' ಅನ್ನೋ ಬಟನ್ ಎಲ್ಲೈತೆ?"

"ಇಲ್ಲ. ಚಿಕ್ಕ ರಾಣಿಗೆ ಒಂದೇ ಬಟನ್. ಓಕೆ."

"ಒತ್ತದಿದ್ರೆ?"

"ಒತ್ತದಿದ್ರೆ ಗೇಮ್ ಮುಂದಕ್ಕೆ ಹೋಗಲ್ಲ. ನೋಡು, ಎಲ್ಲಾ ನಿಂತೈತೆ."

ನಿಜ. ಕುದುರೆಯೊಂದು ಮುಂಗಾಲು ಎತ್ತಿ ಹಾಗೇ ನಿಂತಿತ್ತು. ಹಡಗು ಅಲೆಯ ಮೇಲೆ ನಿಂತಿತ್ತು. ಬಾವುಟ ಅರ್ಧ ಬಿಚ್ಚಿಕೊಂಡು ನಿಂತಿತ್ತು.

"ಚಿಕ್ಕಪ್ಪನೂ ನಿಂತವ್ನಾ?"

"ಅವನೂ ನಿಂತವ್ನೆ."

"ಹಂಗಾದ್ರೆ ನಿಂತೇ ಇರ್ಲಿ." ದೀಪಶ್ರೀ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಕರೆಂಟ್ ಹೋಗೋ ತನಕ ಹಿಂಗೇ ಕೂತಿರ್ತೀಯ?"

"ಕೂತಿರ್ತೀನಿ."

ಬಾಯಿಗೆ ಬಂದಿದ್ದೇ ತಡ, ಕರೆಂಟು ಹೋಯಿತು. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಹೆಸರಿಗೆ ಮಾತ್ರ ಇತ್ತು, ರಾಣಿಯ ಹಾಗೆ. ತೆರೆ ಕಪ್ಪಾಯಿತು.

"ನೋಡಿದ್ಯಾ? ಒತ್ತಲೇ ಇಲ್ಲ ನಾನು," ಅಂತ ದೀಪಶ್ರೀ ಗೆದ್ದವಳಂತೆ ಮನೆಗೆ ಹೋದಳು.

ಸೋಮವಾರ ಬೆಳಿಗ್ಗೆ ಸ್ಕೂಲಿನ ಗೇಟು ದಾಟಿದವಳು ಅಲ್ಲೇ ನಿಂತುಬಿಟ್ಟಳು.

ಗ್ರೌಂಡು ಕಾಣುತ್ತಿರಲಿಲ್ಲ. ಈ ತುದಿಯಿಂದ ಆ ತುದಿಗೆ ನೀಲಿ ಟಾರ್ಪಾಲು, ಅದರ ತುಂಬ ಕಾಫಿ ಹಣ್ಣು. ಕೆಲವು ಕೆಂಪಗೆ, ಕೆಲವು ಆಗಲೇ ಬಿಸಿಲಿಗೆ ಕಂದಿ ಕರಿಕೆಂಪಾಗಿದ್ದವು. ಖೋ-ಖೋ ಕಂಬಗಳನ್ನು ಕಿತ್ತು ಗೋಡೆಗೆ ಒರಗಿಸಿದ್ದರು. ಮಕ್ಕಳೆಲ್ಲ ಜಗಲಿಯ ಮೇಲೆ ಒತ್ತೊತ್ತಾಗಿ ನಿಂತಿದ್ದರು. ಒಂದನೇ ಕ್ಲಾಸಿನ ಮೋಹಿತ್ ಟಾರ್ಪಾಲಿನ ಅಂಚಿಗೆ ಒಂದು ಕಾಲಿಟ್ಟ. ಕಾಫಿ ಹರಡುತ್ತಿದ್ದ ಆಳು, "ಏಯ್, ತುಳೀಬ್ಯಾಡ!" ಎಂದು ಗದರಿದ. ಮೋಹಿತ್ ಚಪ್ಪಲಿಯನ್ನೂ ಬಿಟ್ಟು ಓಡಿದ.

ಮೂಲೆಯಲ್ಲಿ ಇನ್ನೊಂದು ಟಾರ್ಪಾಲು, ಚಿಕ್ಕದು. ಅದಕ್ಕೊಂದು ಹಸಿರು ತೇಪೆ. ಆ ತೇಪೆ ಹಾಕುವಾಗ ಸೂಜಿಗೆ ದಾರ ಪೋಣಿಸಿಕೊಟ್ಟವಳು ದೀಪಶ್ರೀಯೇ. ಅಪ್ಪ ನಿನ್ನೆ ಸಂಜೆ, "ಯೋಗಾನಂದಣ್ಣ ನಮ್ ಕಾಫಿನೂ ಅವ್ರ ಜೊತೇಲೇ ಹರಡ್ಕೊ ಅಂದ್ರು," ಅಂದಿದ್ದ. ಎಲ್ಲಿ ಅಂತ ಅವಳು ಕೇಳಿರಲಿಲ್ಲ.

"ಮುಖ್ಯಮಂತ್ರಿ, ಹೆಡ್ ಮಿಸ್ ಕರೀತಾವ್ರೆ!" ಜಗಲಿಯಿಂದ ಯಾರೋ ಕೂಗಿದರು.

ಮುಖ್ಯಮಂತ್ರಿ ಅಂದರೆ ದೀಪಶ್ರೀಯೇ. ಜೂನ್‌ನಲ್ಲಿ ಶಾಲಾ ಸಂಸತ್ತಿಗೆ ಎಲೆಕ್ಷನ್ ನಡೆದಿತ್ತು. ಚೀಟಿ ಹಾಕಿ, ಬೆರಳಿಗೆ ಸ್ಕೆಚ್ ಪೆನ್ನಿನ ಗುರುತು ಮಾಡಿ, ಎಲ್ಲ ಸೇರಿ ಅವಳನ್ನು ಆರಿಸಿದ್ದರು. ಜೊನಾಥನ್ ಆಹಾರ ಮಂತ್ರಿ. ಮೊಟ್ಟೆ ಕೊಡುವ ದಿನ ಅವನಿಗೆ ಎಲ್ಲಿಲ್ಲದ ಜವಾಬ್ದಾರಿ ಬರುತ್ತಿತ್ತು.

ಹೆಡ್ ಮಿಸ್ ಗಂಗಾಮಣಿ ಒಂದು ಚೀಟಿ ಕೊಟ್ಟರು. "ಪ್ರೇಯರ್ ಮುಗಿದಮೇಲೆ ಇದನ್ನ ಮೈಕಲ್ಲಿ ಓದು ಪುಟ್ಟಾ."

ದೀಪಶ್ರೀ ಕಣ್ಣಾಡಿಸಿದಳು. "ಶಾಲಾ ಸಂಸತ್ತಿನ ತೀರ್ಮಾನದಂತೆ, ಕಾಫಿ ಕೊಯ್ಲು ಮುಗಿಯುವವರೆಗೆ ಮೈದಾನದಲ್ಲಿ ಆಟ ಇರುವುದಿಲ್ಲ. ಇಂತಿ, ಮುಖ್ಯಮಂತ್ರಿ ದೀಪಶ್ರೀ."

"ಮಿಸ್, ಸಂಸತ್ತು ಯಾವಾಗ ತೀರ್ಮಾನ ಮಾಡ್ತು?"

ಮಿಸ್ ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ. "ಯೋಗಾನಂದ ಅವರ ಕಾಫಿ ಒಣಗಿಸೋ ಕಣ ರಿಪೇರಿಲಿದೆಯಂತೆ. ಸ್ಕೂಲಿಗೆ ಫ್ಯಾನು, ಬೆಂಚು ಎಲ್ಲಾ ಕೊಟ್ಟಿದ್ದು ಯಾರು? ಆ ಮೈಕೂ ಅವರದೇ. ಬೇಡ ಅನ್ನೋಕಾಗತ್ತಾ?"

"ಅದಕ್ಕೆ ನನ್ನ ಹೆಸರ್ಯಾಕೆ ಮಿಸ್?"

"ಮಕ್ಕಳೇ ಹೇಳಿದ್ರೆ ಯಾರಿಗೂ ಬೇಜಾರಿರಲ್ಲ. ಹೋಗು, ಬೆಲ್ ಆಯ್ತು."

ಹೊರಗೆ ಜೊನಾಥನ್ ಕಾಯುತ್ತಿದ್ದ. ಚೀಟಿ ಓದಿ ಅವನ ಮುಖ ಸಪ್ಪಗಾಯಿತು. "ಓದ್ಬುಡೇ. ಇದೇನ್ ಗೇಮಲ್ಲ. ನಿಮ್ಮಪ್ಪನ ಕಾಫಿನೂ ಅಲ್ಲೇ ಐತೆ."

"ನಂಗೂ ಕಣ್ಣೈತೆ. ಕಾಣ್ತೈತೆ."

ಆವತ್ತು ಪ್ರೇಯರ್‌ಗೂ ಗ್ರೌಂಡಿಲ್ಲ. ಜಗಲಿಗೂ ಟಾರ್ಪಾಲಿಗೂ ನಡುವೆ ಉಳಿದ ಅಂಗೈಯಗಲ ಜಾಗದಲ್ಲಿ ಸಾಲು ನಿಂತಿತು. ಯೋಗಾನಂದಣ್ಣ ಬಿಳಿ ಶರ್ಟು ಹಾಕಿಕೊಂಡು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತಮ್ಮ ಜೀಪಿನ ಪಕ್ಕದಲ್ಲಿ ನಗುತ್ತ ನಿಂತಿದ್ದರು.

ನಾಡಗೀತೆ ಮುಗಿಯಿತು. "ಈಗ ಮುಖ್ಯಮಂತ್ರಿಗಳಿಂದ ಪ್ರಕಟಣೆ," ಅಂದರು ಮಿಸ್.

ದೀಪಶ್ರೀ ಮೈಕಿನ ಮುಂದೆ ನಿಂತು ಚೀಟಿ ಬಿಡಿಸಿದಳು. ಅಕ್ಷರಗಳೆಲ್ಲ ಮಿಸ್ಸಿನವು. ಕೆಳಗಡೆ ಅವಳ ಹೆಸರು. ಅದು ಹೆಸರಿನಂತೆ ಕಾಣಲೇ ಇಲ್ಲ, ಬಟನ್ನಿನಂತೆ ಕಂಡಿತು.

ಅವಳು ಬಾಯಿ ಬಿಡಲಿಲ್ಲ.

ಈ ಸ್ಕೂಲಿನಲ್ಲಿ ಒಂದು ಪದ್ಧತಿ. ಪ್ರಕಟಣೆ ಓದಿದ ಮೇಲೆ ಮುಖ್ಯಮಂತ್ರಿ "ಸ್ಕೂಲ್, ಡಿಸ್ಪರ್ಸ್!" ಅನ್ನಬೇಕು. ಆಗ ಡ್ರಮ್ ಬೀಳಬೇಕು, ಡ್ರಮ್ ಬಿದ್ದರೆ ಸಾಲು ಕದಲಬೇಕು. ಅವಳು ಅನ್ನಲಿಲ್ಲ. ಡ್ರಮ್ಮಿನ ಹುಡುಗನ ಕೋಲು ಗಾಳಿಯಲ್ಲೇ ನಿಂತಿತು. ಚಿಕ್ಕವರ ಕೈಗಳು ಮುಂದಿನವರ ಹೆಗಲ ಮೇಲೇ ನಿಂತವು. ಮೋಹಿತ್ ಒಂದು ಕಾಲೆತ್ತಿ ರೆಡಿಯಾಗಿದ್ದ, ಹಾಗೇ ನಿಂತ. ಕಾಫಿ ಹರಡುತ್ತಿದ್ದ ಆಳೂ ಕೈಯಲ್ಲಿ ಉದ್ದ ಕಾವಿನ ಹಲಗೆ ಹಿಡಿದು ಇತ್ತ ನೋಡುತ್ತ ನಿಂತ.

"ಓದು," ಮಿಸ್ ಪಿಸುಗುಟ್ಟಿದರು.

"ಓದಲ್ಲ ಮಿಸ್."

ಮೈಕು ಆನ್ ಆಗಿತ್ತು. 'ಓದಲ್ಲ' ಅನ್ನುವುದು ಗ್ರೌಂಡು ದಾಟಿ, ಎದುರಿನ ಗುಡ್ಡಕ್ಕೆ ತಾಗಿ, 'ಅಲ್ಲ' ಅಂತ ವಾಪಸ್ ಬಂತು.

"ದೀಪಶ್ರೀ!"

"ನಾವು ತೀರ್ಮಾನ ಮಾಡಿಲ್ಲ ಮಿಸ್. ಯಾರು ಮಾಡಿದ್ರೋ ಅವ್ರೇ ಅವ್ರ ಹೆಸರಲ್ಲಿ ಓದ್ಲಿ. ಬೇಕಾದ್ರೆ ಬೈರಿ. ನಾನು ಓದಲ್ಲ."

ಅವಳು ಚೀಟಿಯನ್ನು ಮಡಚಿ ಮಿಸ್ಸಿನ ಕಡೆ ಚಾಚಿದಳು.

ಮಿಸ್ ಮೈಕನ್ನು ಕಿತ್ತುಕೊಂಡರು. "ಮಕ್ಕಳೇ, ಕಾಫಿ ಕೊಯ್ಲು ಮುಗಿಯುವವರೆಗೆ ಯಾರೂ ಆಡಬಾರದು ಅಂತ ನಾನು..."

'ನಾನು' ಅನ್ನುವುದು ಎಷ್ಟು ಪುಟ್ಟ ಮಾತು! ಆದರೆ ಮಿಸ್ ಅದನ್ನು ದಾಟಿ ಮುಂದಕ್ಕೆ ಹೋಗಲಿಲ್ಲ. ಅವರು ಸಾಲುಗಳನ್ನು ನೋಡಿದರು. ಗೋಡೆಗೆ ಒರಗಿದ್ದ ಖೋ-ಖೋ ಕಂಬಗಳನ್ನು ನೋಡಿದರು. "ನಾನು..." ಇನ್ನೊಮ್ಮೆ ಅಂದರು. ಆಮೇಲೆ ಮೈಕನ್ನು ಜೀಪಿನ ಕಡೆಗೆ ಚಾಚಿದರು.

"ಸರ್, ನೀವೇ ಹೇಳಿಬಿಡಿ. ಹೇಗೂ ನಿಮ್ಮದೇ ಮೈಕು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಯೋಗಾನಂದಣ್ಣ ಮುಂದೆ ಬಂದರು. ಮೈಕು ಹಿಡಿಯುವುದು ಅವರಿಗೆ ಹೊಸತಲ್ಲ. "ಏನಿಲ್ಲ ಮಕ್ಕಳಾ. ಎಲ್ಲಾ ನಿಮ್ಮ ಒಳ್ಳೇದಕ್ಕೇ. ಅಲ್ವೇನಮ್ಮಾ?" ಅಂದು, ಅಭ್ಯಾಸದಂತೆ ಮೈಕನ್ನು ಮುಂದಿನ ಸಾಲಿಗೆ ಹಿಡಿದರು. ಯಾವಾಗಲೂ ಅಲ್ಲಿಂದ "ಹೌದೂ" ಅಂತ ಬರುತ್ತಿತ್ತು.

ಮುಂದಿನ ಸಾಲಿನಲ್ಲಿ ಮೋಹಿತ್ ಇದ್ದ. "ನಾವೆಲ್ಲಿ ಆಡಾದು?" ಅಂದ.

ಯೋಗಾನಂದಣ್ಣ ಬಾಯಿ ತೆರೆದರು. ಮಿಸ್ ಕಡೆ ನೋಡಿದರು. ಮಿಸ್ ಬಾವುಟದ ಕಂಬ ನೋಡುತ್ತಿದ್ದರು. ದೀಪಶ್ರೀ ಕಡೆ ನೋಡಿದರು. ದೀಪಶ್ರೀ ಅವರನ್ನೇ ನೋಡುತ್ತಿದ್ದಳು. 'ಇಲ್ಲಿ ಆಡಬೇಡಿ' ಅನ್ನುವುದಕ್ಕೆ ಅವರಿಗೂ ಒಂದು ನಾಲಿಗೆ ಬೇಕಿತ್ತು, ತಮ್ಮದಲ್ಲದ್ದು. ಅದು ಎಲ್ಲೂ ಸಿಗಲಿಲ್ಲ.

"ಅದೂ... ಊಟ ಆದ್ಮೇಲೆ ಟ್ರ್ಯಾಕ್ಟರ್ ಕಳಿಸ್ತೀನಿ. ಎತ್ತಿಸ್ಬುಡ್ತೀನಿ. ಆಡ್ಕಳ್ರಪ್ಪ," ಅಂದು, ಕೈ ಸುಟ್ಟವರಂತೆ ಮೈಕನ್ನು ಮಿಸ್ಸಿಗೆ ಕೊಟ್ಟರು. ಮಿಸ್ ಅದನ್ನು ದೀಪಶ್ರೀಗೆ ಕೊಟ್ಟರು.

"ಸ್ಕೂಲ್, ಡಿಸ್ಪರ್ಸ್!"

ಡ್ರಮ್ ಬಿತ್ತು. ಮೋಹಿತ್ ಎತ್ತಿದ ಕಾಲು ಇಳಿಸಿದ.

ಯೋಗಾನಂದಣ್ಣ ಜೀಪು ಹತ್ತುವ ಮೊದಲು ಅವಳ ಪಕ್ಕ ನಿಂತರು. ಈ ಸಲ ನಗಲಿಲ್ಲ. "ನೀನು ಕೃಷ್ಣಪ್ಪನ ಮಗಳಲ್ವಾ?"

"ಹೌದು."

"ಹ್ಞೂಂ," ಅಂದರು, ಅಷ್ಟೇ.

ಮಧ್ಯಾಹ್ನ ಊಟಕ್ಕೆ ಕೂತಾಗ ಜೊನಾಥನ್ ಮುಖ ಊದಿಸಿಕೊಂಡಿದ್ದ. "ನಮ್ಮಪ್ಪ ಲ್ಯಾಪ್‌ಟಾಪ್ ಕಿತ್ಕೊಂಡ್ರೆ ನೀನೇ ಕಾರಣ, ಹೇಳಿರ್ತೀನಿ." ಹಾಗಂದವನು ತನ್ನ ಮೊಟ್ಟೆಯನ್ನು ಎರಡು ಹೋಳು ಮಾಡಿ, ದೊಡ್ಡ ಹೋಳನ್ನು ಅವಳ ತಟ್ಟೆಗೆ ಹಾಕಿದ. ಆಹಾರ ಮಂತ್ರಿ ಇಂಥ ದಾನ ಮಾಡಿದ್ದನ್ನು ಸಂಸತ್ತು ಎಂದೂ ಕಂಡಿರಲಿಲ್ಲ.

ಆಟದ ಪೀರಿಯಡ್ಡಿನಲ್ಲಿ ಖೋ-ಖೋ ಕಂಬ ಮತ್ತೆ ನಿಂತವು. ದೀಪಶ್ರೀ ಚೆನ್ನಾಗಿಯೇ ಓಡಿದಳು. ಆದರೆ ಗಳಿಗೆಗೊಮ್ಮೆ ಅವಳ ಕಣ್ಣು ಮೂಲೆಗೆ ಹೋಗುತ್ತಿತ್ತು. ಹಸಿರು ತೇಪೆಯ ಟಾರ್ಪಾಲು ಅಲ್ಲಿರಲಿಲ್ಲ.

ಅದು ಮನೆಯಂಗಳದಲ್ಲಿತ್ತು. ಅಂಗಳ ಚಿಕ್ಕದು, ಅರ್ಧ ಹಲಸಿನ ಮರದ ನೆರಳು. ಬಿಸಿಲು ಜರುಗಿದಂತೆ ಅಪ್ಪ ಟಾರ್ಪಾಲನ್ನು ಎಳೆಯುತ್ತಿದ್ದ. ಅವಳನ್ನು ನೋಡಿ, ಮತ್ತೆ ಟಾರ್ಪಾಲಿಗೇ ಬಗ್ಗಿದ. ದೀಪಶ್ರೀ ಬ್ಯಾಗನ್ನು ಜಗಲಿಯ ಮೇಲೆ ಎಸೆದು ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಕಾಫಿಯನ್ನು ಉಳಿದ ಬಿಸಿಲಿಗೆ ತಂದರು. ಅವಳು ಹಲಗೆ ತೆಗೆದುಕೊಂಡು ಹರಡತೊಡಗಿದಳು.

"ಯೋಗಾನಂದಣ್ಣ ಸಿಕ್ಕಿದ್ರಾ ಅಪ್ಪ?"

"ಸಿಕ್ಕಿದ್ರು."

"ಏನಂದ್ರು?"

"ಕಾಫಿ ಎತ್ಕೊಂಡು ಹೋಗು ಅಂದ್ರು." ಅಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಮಗಳಿಗೆ ಚೆನ್ನಾಗಿ ಬುದ್ಧಿ ಹೇಳು ಅಂತಾನೂ ಅಂದ್ರು."

ದೀಪಶ್ರೀ ಹಲಗೆಯನ್ನು ಕೆಳಗಿಟ್ಟಳು. ಬೆನ್ನು ನೆಟ್ಟಗೆ ಮಾಡಿದಳು. ಮೈಕಿನ ಮುಂದೆ ನಿಂತಂತೆಯೇ ನಿಂತಳು.

"ಹೇಳು ಮತ್ತೆ."

ಅಪ್ಪ ಅವಳನ್ನು ನೋಡಿದ. ಬಾಯಿ ತೆರೆದ. ಹಲಸಿನ ಮರದ ನೆರಳು ಟಾರ್ಪಾಲಿನ ಅಂಚಿಗೆ ಬಂದಿತ್ತು. ಹಟ್ಟಿಯಲ್ಲಿ ಹಸು ಮೆಲುಕು ಹಾಕುವುದನ್ನೂ ನಿಲ್ಲಿಸಿದಂತಿತ್ತು.

ದೀಪಶ್ರೀ ಕಾದಳು.

ಅಪ್ಪ ಬಾಯಿ ಮುಚ್ಚಿಕೊಂಡ. ಬಗ್ಗಿ, ಅವಳು ಕೆಳಗಿಟ್ಟ ಹಲಗೆಯನ್ನು ಎತ್ತಿ, ಅವಳ ಕೈಗೇ ಕೊಟ್ಟ. "ಆ ಮೂಲೆ ದಪ್ಪ ಆಗೈತೆ, ತೆಳ್ಳಗೆ ಮಾಡು," ಅಂದು, ಇನ್ನೊಂದು ಹಲಗೆ ತರಲು ಹಟ್ಟಿಯ ಕಡೆ ನಡೆದ.

ದೀಪಶ್ರೀ ಅವನ ಬೆನ್ನನ್ನೇ ನೋಡಿದಳು, ಆಮೇಲೆ ಬಗ್ಗಿ ಆ ಮೂಲೆಯ ಕಾಫಿಯನ್ನು ಹರಡತೊಡಗಿದಳು.

ಅಪ್ಪನೂ 'ಓಕೆ' ಒತ್ತಲಿಲ್ಲ.