ಮಗುವಿನ ಜೊತೆ ಹೋದ ಶಿಲುಬೆ

"ಆಂಟೀ, ನಾನು ಕದ್ದಿಲ್ಲ!"

ಶನಿವಾರ ಮಧ್ಯಾಹ್ನ ಬಾಗಿಲು ತೆಗೆದ ರಾಮಮೂರ್ತಿಗೆ ಕೇಳಿಸಿದ ಮೊದಲ ಮಾತು ಇದು. ಕದ್ದದ್ದು ಏನನ್ನು ಎಂದು ಅವನು ಕೇಳುವಷ್ಟರಲ್ಲಿ ಶ್ರಾವಣಿ ಬೂಟು ಕಳಚಿ ಅಡುಗೆಮನೆ ಸೇರಿದ್ದಳು. ಅವನ ಹೆಂಡತಿ ಇಂದುಮತಿ ಸ್ವೀಡನ್ನಿನ ಸ್ಯಾಂಡ್‌ವಿಕೆನ್ನಿನ ಉಕ್ಕಿನ ಕಾರ್ಖಾನೆಯಲ್ಲಿ ಲೋಹ ಯಾಕೆ ಬಿರುಕು ಬಿಟ್ಟಿತೆಂದು ಪತ್ತೆ ಹಚ್ಚುವವಳು. ಹಾಗಾಗಿ ಊರಿನ ಕನ್ನಡದವರೆಲ್ಲ ತಮ್ಮ ಬಿರುಕುಗಳನ್ನೂ ಅವಳ ಮುಂದೆಯೇ ತಂದು ಸುರಿಯುತ್ತಿದ್ದರು. ಕಾಫಿ ಬೆರೆಸುವುದು ರಾಮಮೂರ್ತಿಯ ಪಾಲಿನ ಪತ್ತೇದಾರಿಕೆ.

ಸಾವಿರ ವರ್ಷದ ಹಿಂದೆ ಈ ಸೀಮೆಗೆ ಕ್ರೈಸ್ತ ಧರ್ಮ ಹೇಗೆ ಬಂತೆಂಬುದು ಶ್ರಾವಣಿಯ ಸಂಶೋಧನೆ. ಹತ್ತಿರದ ಹಳ್ಳಿಯ ಚರ್ಚಿನ ನೆಲದಡಿ ಆ ಕಾಲದ ಮಗುವೊಂದರ ಸಮಾಧಿ ಸಿಕ್ಕಿತ್ತು. ಎಲುಬುಗಳ ಜೊತೆ ಹೆಬ್ಬೆರಳಿನುಗುರಿನಷ್ಟು ಬೆಳ್ಳಿ ಶಿಲುಬೆಯಿತ್ತು.

"ಹಳೇ ಧರ್ಮದಲ್ಲಿ ಸತ್ತವರ ಜೊತೆ ಎಲ್ಲಾ ಇಡ್ತಿದ್ರು ಆಂಟಿ. ಹೊಸದ್ರಲ್ಲಿ ಏನೂ ಇಡಬಾರ್ದು. ಈ ತಾಯಿಗೆ ಮಗೂನ ಬರಿಗೈಲಿ ಕಳ್ಸಕ್ಕೆ ಮನಸ್ಸು ಬಂದಿಲ್ಲ, ಅಷ್ಟೇ."

ಎಲುಬುಗಳನ್ನು ಹೋದ ತಿಂಗಳು ಚರ್ಚಿನ ಅಂಗಳದಲ್ಲಿ ಮತ್ತೆ ಹೂಳಿದ್ದರು, ಕಲ್ಲು ನೆಟ್ಟಿರಲಿಲ್ಲ. ಶಿಲುಬೆ ಸೋಮವಾರ ಮ್ಯೂಸಿಯಂ ಸೇರಬೇಕಿತ್ತು. ಗುರುವಾರ ಚರ್ಚಿನ ಪಕ್ಕದ ಮನೆಯ ಒಳಕೋಣೆಯ ಬೀರುವಿನಿಂದ ಮಾಯವಾಯಿತು. ಬೀರುವಿನ ಕೀ ಇದ್ದದ್ದು ಬಾಗಿಲ ಬಳಿ ನೇತುಹಾಕಿದ್ದ ಶ್ರಾವಣಿಯ ಕೋಟಿನ ಜೇಬಿನಲ್ಲಿ.

"ಸೋಮವಾರದೊಳಗೆ ಸಿಗ್ದಿದ್ರೆ ಪೊಲೀಸ್ ಕಂಪ್ಲೇಂಟ್. ಪಿಎಚ್‌ಡಿ, ಇಲ್ಲಿರೋ ಪರ್ಮಿಟ್ ಎಲ್ಲಾ ಹೋಯ್ತು."

"ಡಬ್ಬೀನೂ ಹೋಗಿದ್ಯಾ?" ಎಂದಳು ಇಂದುಮತಿ.

"ಇಲ್ಲ, ಡಬ್ಬಿ, ಲೇಬಲ್ಲು, ದಾಖಲೆ ಎಲ್ಲಾ ಅಲ್ಲೇ ಇದೆ."

"ಅವತ್ತು ಅಲ್ಲಿ ಯಾರ್ಯಾರಿದ್ರಿ?"

"ಮೂರೇ ಜನ. ನಾನು, ಪಾದ್ರಿಯಮ್ಮ, ಮ್ಯೂಸಿಯಮ್ಮಿನ ಹೋಕನ್. ಫೀಕಾ, ಅದೇ ಕಾಫಿ ಟೈಮು. ಕಾಫಿ ಬಂತು, ಬಿಸಿಬಿಸಿ ಏಲಕ್ಕಿ ಬನ್ನು ಬಂತು. ಶಿಲುಬೆ ಮಗು ಹತ್ರಾನೇ ಇರ್ಬೇಕು ಅಂತ ಪಾದ್ರಿಯಮ್ಮ, ಮ್ಯೂಸಿಯಮ್ಮಿಗೇ ಅಂತ ಹೋಕನ್. ಆ ಜಗಳದಲ್ಲಿ ಯಾರೂ ಜಾಗ ಬಿಟ್ಟು ಏಳ್ಲೇ ಇಲ್ಲ. ಕಾಫಿಗೆ ಮುಂಚೆ ಬೀರುನಲ್ಲಿದ್ದಿದ್ದು ಆಮೇಲೆ ನೋಡಿದ್ರೆ ಇಲ್ಲ."

ಇಂದುಮತಿ ಕೋಟು ಹಾಕಿಕೊಂಡಳು.

ಅವರು ಚರ್ಚು ಮುಟ್ಟಿದಾಗ ಮಧ್ಯಾಹ್ನ ಮೂರೂವರೆ. ಆಗಲೇ ಬೆಳಕು ಕರಗುತ್ತಿತ್ತು. ಅಗಲಿದವರಿಗೆ ದೀಪವಿಡುವ ಹಬ್ಬ ಅಂದು. ಬುಧವಾರ ಬಿದ್ದ ಹಿಮದ ಮೇಲೆ ನೂರಾರು ದೀಪಗಳು ಸದ್ದಿಲ್ಲದೆ ಉರಿಯುತ್ತಿದ್ದವು. ಜನ ಮಾತಿಲ್ಲದೆ ಬಂದು, ಬಗ್ಗಿ, ಹೋಗುತ್ತಿದ್ದರು. ನೆಲ ಯಾವುದು, ಆಕಾಶ ಯಾವುದು ತಿಳಿಯದ ಆ ನೀಲಿಯಲ್ಲಿ ರಾಮಮೂರ್ತಿಗೆ ತಾನು ಬಂದ ಕೆಲಸವೇ ಮರೆತುಹೋಯಿತು. ಸತ್ತವರು ಇಲ್ಲೇ ಎಲ್ಲೋ ಕೂತು ಕಾಯುತ್ತಿರಬಹುದು ಅನಿಸಿತು. ಅದರಿಂದ ಹೆದರಿಕೆಯೇನೂ ಆಗಲಿಲ್ಲ.

"ಅಲ್ನೋಡಿ," ಇಂದುಮತಿ ತೋಳು ಹಿಡಿದೆಳೆದಳು. ಗೋಡೆಯ ಬದಿಗೆ, ಕಲ್ಲಿಲ್ಲದ ಕಡೆ ಒಂಟಿ ದೀಪವಿತ್ತು. ಮಿಕ್ಕ ದೀಪಗಳ ಸುತ್ತ ಬರೀ ಹಿಮ; ಇದರ ಸುತ್ತ ಹಿಮದ ಮೇಲೆ ಕರಿಮಣ್ಣಿನ ಪುಡಿ.

ಚರ್ಚಿನ ಪಕ್ಕದ ಮನೆಯಲ್ಲಿ ಪಾದ್ರಿಯಮ್ಮ, ಹೋಕನ್ ಎಲ್ಲರೂ ಸೇರಿದರು. ಗುನಿಲ್ಲಾ ಎಂಬ ಮುದುಕಿ, ಬಹಳ ವರ್ಷಗಳಿಂದ ಆ ಮನೆ ನೋಡಿಕೊಳ್ಳುವವಳು, ಕಾಫಿ ತಂದಿಟ್ಟು ಹೊರಟಳು.

"ನೀವೂ ಕೂತ್ಕೊಳ್ಳಿ," ಎಂದಳು ಇಂದುಮತಿ ಸ್ವೀಡಿಷ್‌ನಲ್ಲಿ. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. "ದಾಖಲೆಯಿಲ್ಲದ ಹಳೆಯ ಬೆಳ್ಳಿಗೆ ಬೆಲೆಯಿಲ್ಲ. ಮಾರುವ ಕಳ್ಳ ಕಾಗದ ಬಿಡುತ್ತಿರಲಿಲ್ಲ. ಅಂದಮೇಲೆ ತೆಗೆದವರಿಗೆ ಶಿಲುಬೆ ಮಾರುವುದಕ್ಕಲ್ಲ, ಕೊಡುವುದಕ್ಕೆ ಬೇಕಿತ್ತು. ಯಾರಿಗೆ? ಹೊರಗೆ, ಹೋದ ತಿಂಗಳೇ ಮುಚ್ಚಿದ ಗುಂಡಿಯ ಮಣ್ಣು ಬುಧವಾರದ ಹಿಮದ ಮೇಲೆ ಬಿದ್ದಿದೆ. ಹಿಮ ಬಿದ್ದ ಮೇಲೆ ಅಲ್ಲಿ ಯಾರೋ ಅಗೆದಿದ್ದಾರೆ. ಪಾದ್ರಿಯಮ್ಮನಿಗೂ ಅದೇ ಆಸೆಯಿತ್ತು, ಆದರೆ ಅವರು ಕುರ್ಚಿ ಬಿಟ್ಟು ಏಳಲಿಲ್ಲ. ಶ್ರಾವಣಿ ಮೂರೇ ಜನ ಅಂದಳು. ಬನ್ನು ಬಿಸಿಯಾಗಿ ಬಂತು ಅಂತಲೂ ಅಂದಳು. ತಂದವರು ಯಾರು? ನಮ್ಮ ಮನೆಗಳಲ್ಲಿ ಕಾಫಿ ತಂದುಕೊಡುವವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಕೆಟ್ಟ ಅಭ್ಯಾಸ ಇವಳ ಜೊತೆ ಇಲ್ಲಿಗೂ ಬಂದಿದೆ."

ಗುನಿಲ್ಲಾ ಏಪ್ರನ್ನಿಗೆ ಕೈ ಒರೆಸಿಕೊಂಡಳು. "ಐವತ್ತೈದು ವರ್ಷದ ಹಿಂದೆ ನನಗೆ ಹುಟ್ಟಿದ ಮಗು ಉಸಿರಾಡಲಿಲ್ಲ. ಮುಖ ತೋರಿಸದೆ ಒಯ್ದರು. ಎಲ್ಲಿ ಹೂಳಿದರೋ ಇವತ್ತಿಗೂ ಗೊತ್ತಿಲ್ಲ. ಈ ಮಗುವಿಗೆ ಅಮ್ಮ ಏನೋ ಕೊಟ್ಟು ಕಳಿಸಿದ್ದಳು. ಅದನ್ನೂ ನಾವು ಕಿತ್ತುಕೊಂಡೆವಲ್ಲ."

"ಮೂರು ದಿನದಿಂದ ಎಲ್ರೂ ನನ್ನ ಕಳ್ಳಿ ಥರ ನೋಡ್ತಿದ್ದಾರೆ!" ಶ್ರಾವಣಿ ಗುನಿಲ್ಲಾಳತ್ತ ತಿರುಗಿದಳು. "ನೀವು ಸುಮ್ಮನಿದ್ರಿ."

"ತಪ್ಪಾಯಿತು. ಸೋಮವಾರ ಹೇಳುತ್ತಿದ್ದೆ. ದೀಪದ ಹಬ್ಬ ಒಂದು ಅದರ ಜೊತೆ ಕಳೆಯಲಿ ಅಂತ..."

ಹೋಕನ್ ಎದ್ದು ನಿಂತ. "ಈಗಲೇ ಅಗೆದು ತೆಗೆಯೋಣ. ಯೂನಿವರ್ಸಿಟಿಗೆ ಇವತ್ತೇ ತಿಳಿಸಿದರೆ ಶ್ರಾವಣಿ ಮೇಲಿನ ಅನುಮಾನ ಹೋಗುತ್ತದೆ."

ಶ್ರಾವಣಿ ಕಿಟಕಿಯಾಚೆ, ಗೋಡೆಯ ಬದಿಯ ಒಂಟಿ ದೀಪದತ್ತ ನೋಡಿದಳು. ಅವಳು ಹೂಂ ಎನ್ನಲಿ ಎಂದು ರಾಮಮೂರ್ತಿ ಮನಸ್ಸಿನಲ್ಲೇ ಬೇಡಿಕೊಂಡ. ಪಾಪ, ಹುಡುಗಿ ಸರಿಯಾಗಿ ಊಟ ಮಾಡಿ ಎಷ್ಟು ದಿನವಾಗಿತ್ತೋ.

"ಸೋಮವಾರ ಅಗೆಯೋಣ," ಎಂದಳು ಅವಳು.

"ಅಲ್ಲಿಯವರೆಗೆ ಹೊರಗಿನವರ ಪಾಲಿಗೆ ಕಳ್ಳಿ ನೀನೇ ಆಗಿರುತ್ತೀ," ಎಂದ ಹೋಕನ್.

"ಇರ್ಲಿ," ಎಂದಳು ಶ್ರಾವಣಿ. "ಎರಡೇ ದಿನ ತಾನೆ?"