ಸಕ್ಕರೆ ಕಾಳಿನಷ್ಟು ಸೂರ್ಯ

“ಒಂದು ಲೋಟ ನೀರಿಗೆ ಮೂವತ್ತು ಫುಟ್‌ಬಾಲ್ ಮೈದಾನದಷ್ಟು ತಗಡು ಬೇಕು ಸಾರ್. ಅದೂ ಬಾಹ್ಯಾಕಾಶದಲ್ಲಿ, ವರ್ಷಪೂರ್ತಿ!”

ಅವಳ ಮಾತಿಗೆ ಸಭೆಯಲ್ಲಿದ್ದವರೆಲ್ಲ ನಕ್ಕರು. ಯೋಜನೆ ತಂದಿದ್ದ ಅವನೊಬ್ಬ ನಗಲಿಲ್ಲ.

ಸಂಶೋಧನಾ ಸಂಸ್ಥೆಗೆ ಬರುವ ಯೋಜನೆಗಳು ಕಾರ್ಯಸಾಧ್ಯವೋ ಅಲ್ಲವೋ ಎಂದು ತೀರ್ಮಾನಿಸುವ ಮೂವರ ಸಮಿತಿಯಲ್ಲಿ ಅವಳೂ ಒಬ್ಬಳು; ಲೆಕ್ಕ ಹಾಕಿ ಹೇಳುವುದು ಅವಳ ಕೆಲಸ. ಅವನು ತೆಳು ಲೋಹದ ಹಾಳೆ ಮಾಡುವವನು. ಎಲ್ಲರ ಬಾಯಲ್ಲೂ ‘ತಗಡು ಮೇಷ್ಟ್ರು’. ಸೂರ್ಯನಿಂದ ಗಾಳಿಯಂತೆ ಸದಾ ಹರಿದುಬರುವ ಹೈಡ್ರೋಜನ್ ಕಣಗಳನ್ನು ತಗಡಿನಲ್ಲಿ ಹಿಡಿಯಬೇಕು, ಆ ಹೈಡ್ರೋಜನ್‌ನಿಂದ ದೂರ ಹೋದ ಗಗನಯಾತ್ರಿಗಳಿಗೆ ನೀರು ಮಾಡಿಕೊಡಬೇಕು ಎನ್ನುವುದು ಅವನ ಹುಚ್ಚು.

“ನಿಮ್ಮ ಲೆಕ್ಕ ಸರಿಯಾಗೇ ಇದೆ ಮೇಡಂ,” ಎಂದ. “ಆದ್ರೆ ಬಾಯಾರಿದವರ ಹತ್ರ ಯಾವತ್ತಾದ್ರೂ ಕೂತಿದ್ದೀರಾ?”

‘ಅಬ್ಬಾ, ಎಂಥ ಕೊಬ್ಬು!’ ಅವಳ ಕಿವಿ ಕೆಂಪಾಯಿತು.

ಸಮಿತಿ ಅವನಿಗೆ ಆರು ತಿಂಗಳ ಗಡುವು ಕೊಟ್ಟಿತು. ತಿಂಗಳಿಗೊಮ್ಮೆ ಹೋಗಿ ನೋಡಿಬರುವ ಕೆಲಸ ಅವಳ ತಲೆಗೇ ಬಂತು.

ಮೊದಲ ತಿಂಗಳು ಬರೀ ಜಗಳ. ಎರಡನೇ ತಿಂಗಳು ಜಗಳದ ನಡುವೆ ಚಹಾ. ಮೂರನೇ ತಿಂಗಳು ಅವನು ಕಪ್ಪು ಕಾಗದದ ಮೇಲೆ ಒಂದೇ ಒಂದು ಸಕ್ಕರೆ ಕಾಳು ಇಟ್ಟು ತೋರಿಸಿದ.

“ಒಂದು ಚದರ ಮೀಟರ್ ತಗಡಿಗೆ ಇಷ್ಟು ತೂಕದ ಹೈಡ್ರೋಜನ್ ಸೇರೋಕೆ ಐದಾರು ವರ್ಷ. ನಂಗೂ ಗೊತ್ತು ಮೇಡಂ.”

“ಗೊತ್ತಿದ್ದೂ ಯಾಕೆ ಹಟ?”

“ಅಪ್ಪ ತಾಮ್ರದ ಪಾತ್ರೆ ಮಾಡೋರು. ಮೊದಲನೇ ತಗಡು ಬಡಿದುಕೊಟ್ಟಿದ್ದು ಅವರೇ. ಈಗ ಹಾಸಿಗೆ ಹಿಡಿದಿದ್ದಾರೆ. ಅದು ಮೇಲೆ ಹೋಗೋದನ್ನ ನೋಡ್ಬೇಕಂತೆ…”

“ಕೊನೇ ಸಭೆಲಿ ನಾನಿರ್ತೀನಿ,” ಎಂದುಬಿಟ್ಟಳು.

ಕೊನೆಯ ಸಭೆಯ ದಿನ ಅವಳ ಕುರ್ಚಿ ಖಾಲಿಯಿತ್ತು. ಉಳಿದ ಇಬ್ಬರು ಸದಸ್ಯರು ಹತ್ತೇ ನಿಮಿಷದಲ್ಲಿ ‘ಕಾರ್ಯಸಾಧ್ಯವಲ್ಲ’ ಎಂದು ಸಹಿ ಹಾಕಿದರು. ಅವನು ಮೇಲ್ಮನವಿ ಹಾಕಿದ. ಅದರ ತೀರ್ಪಿಗೆ ಮುಂಚೆಯೇ ಅಪ್ಪ ಹೋಗಿಬಿಟ್ಟರು.

ಸುದ್ದಿ ಕೇಳಿ ಅವಳು ಅವನ ಮನೆಗೆ ಓಡಿದಳು. ಅವನು ಬಾಗಿಲಿಗೆ ಅಡ್ಡ ನಿಂತ.

“ಈಗ್ಯಾಕೆ ಬಂದ್ರಿ? ಅಪ್ಪನ ಹತ್ರ ದಿನಾ ನಿಮ್ಮ ಸುದ್ದಿನೇ ಹೇಳ್ತಿದ್ದೆ. ‘ಲೆಕ್ಕದಮ್ಮ ಯಾಕೋ ಬರ್ಲಿಲ್ಲ?’ ಅಂತ ಕೊನೇವರೆಗೂ ಕೇಳಿದ್ರು. ನಾನೇನು ಹೇಳ್ಲಿ?”

‘ಹೇಳಿಬಿಡಲೇ?…’ ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೆ ಸಮಿತಿಯಿಂದ ಹಿಂದೆ ಸರಿದವರು ಕಾರಣವನ್ನು ಬರೆದು ಲಕೋಟೆಯಲ್ಲಿಟ್ಟು ಅಂಟಿಸಬೇಕು. ಕಡತ ಮುಚ್ಚುವ ಮೊದಲು ಬಾಯಿಬಿಟ್ಟರೆ ಅರ್ಜಿದಾರನ ಮೇಲ್ಮನವಿಯೇ ರದ್ದು. ಅವನಿಗೆ ಉಳಿದಿದ್ದ ಒಂದೇ ಆಸೆ ಅದು!

ತುಟಿ ಕಚ್ಚಿಕೊಂಡು ವಾಪಸಾದಳು. ದಾರಿಯುದ್ದಕ್ಕೂ ಅತ್ತಳು.

ಎರಡು ತಿಂಗಳಾದ ಮೇಲೆ ಮೇಲ್ಮನವಿಯೂ ಬಿದ್ದುಹೋಯಿತು. ನಿಯಮದಂತೆ ಕಾಗದಪತ್ರಗಳೆಲ್ಲ ಅವನ ಕೈಸೇರಿದವು. ಮರುದಿನ ಮಧ್ಯಾಹ್ನ ಅವನು ಅವಳ ಕೋಣೆಗೆ ಬಂದ. ಮುಖ ಇಳಿದುಹೋಗಿತ್ತು. ಕೈಯಲ್ಲಿ ಒಡೆದ ಲಕೋಟೆ.

ನಿಂತುಕೊಂಡೇ ಓದಿದ. “‘ಕೊನೆಯ ವರದಿಯಲ್ಲಿ ಮೂವತ್ತು ಮೈದಾನದ ಬದಲು ಮೂರು ಎಂದು ಬರೆದಿದ್ದೇನೆ. ನಾಲ್ಕು ಸಲ ತಿರುವಿ ಹಾಕಿದರೂ ಕಣ್ಣಿಗೆ ಬೀಳದ್ದು ಐದನೇ ಸಲ ಕಂಡಿತು. ಹನ್ನೊಂದು ವರ್ಷದಲ್ಲಿ ಇದು ನನ್ನ ಮೊದಲ ತಪ್ಪು. ಇವರ ವಿಷಯದಲ್ಲಿ ನನ್ನ ಲೆಕ್ಕ ನಂಬಬೇಡಿ.’”

ಅವನು ಹಾಳೆ ತಿರುಗಿಸಿದ.

“ಅರ್ಜಿದಾರರೊಂದಿಗೆ ಸಂಬಂಧ ಅನ್ನೋ ಕಡೆ…” ಓದು ನಿಲ್ಲಿಸಿ ಅವಳತ್ತ ನೋಡಿದ. “‘ಇನ್ನೂ ಇಲ್ಲ’ ಅಂತ ಬರೆದಿದ್ದೀರಿ.”

“ಸುಳ್ಳು ಬರೆಯೋ ಹಾಗಿರ್ಲಿಲ್ಲ…” ಅವಳ ಕಣ್ಣೀರು ಮೇಜಿನ ಮೇಲೆ ಬಿತ್ತು. “ನಾನು ಬಂದು ಕೂತಿದ್ರೂ ನಿಮ್ಮ ತಗಡು ಮೇಲೆ ಹೋಗ್ತಿರ್ಲಿಲ್ಲ. ಆದ್ರೆ ನೀವು ಒಬ್ರೇ ಇರ್ತಿರ್ಲಿಲ್ಲ. ಅದೊಂದು ಮಾತ್ರ…”

“ಅಪ್ಪನಿಗೆ ಇದು ಗೊತ್ತಾಗ್ಲೇ ಇಲ್ಲ,” ಎಂದು ಅವನು ಮುಖ ಮುಚ್ಚಿಕೊಂಡು ಕುಸಿದು ಕೂತ. ಅಪ್ಪ ಹೋದ ದಿನವೂ ಅಳದಿದ್ದವನು ಈಗ ಬಿಕ್ಕಿಬಿಕ್ಕಿ ಅತ್ತ. ಅವಳು ಎದ್ದು ಬಂದು ಅವನ ತಲೆ ಮೇಲೆ ಕೈಯಿಟ್ಟು ನಿಂತಳು.

ಎಷ್ಟೋ ಹೊತ್ತಿನ ಮೇಲೆ ಅವನು ಜೇಬಿನಿಂದ ಅಂಗೈಯಗಲದ ತಗಡು ತೆಗೆದ. ಅಪ್ಪ ಬಡಿದುಕೊಟ್ಟದ್ದು. ಅದನ್ನು ಕಿಟಕಿಯ ಬಿಸಿಲಿಗೆ ಇಟ್ಟ.

“ಇಲ್ಲಿಟ್ರೆ ಏನೂ ಸಿಗಲ್ಲ ಕಣ್ರೀ,” ಎಂದಳು ಮೆಲ್ಲಗೆ. “ಸೂರ್ಯನ ಗಾಳಿ ನೆಲದವರೆಗೂ ಬರಲ್ಲ.”

“ಗೊತ್ತು. ಇರ್ಲಿ ಬಿಡಿ.” ಕಣ್ಣೊರೆಸಿಕೊಂಡು ಅವಳತ್ತ ತಿರುಗಿದ. “ನನ್ನಂಥವನ ಜೊತೆ ಬದುಕೋದು ಕಾರ್ಯಸಾಧ್ಯವಾ? ಲೆಕ್ಕ ಹಾಕಿ ಹೇಳ್ತೀರಾ?”

“ನಿಮ್ಮ ವಿಷಯದಲ್ಲಿ ನನ್ನ ಲೆಕ್ಕ ನಂಬಬೇಡಿ ಅಂತ ಬರೆದುಕೊಟ್ಟಿದ್ದೀನಲ್ಲ…”

“ಅದಕ್ಕೇ ನಿಮ್ಮನ್ನೇ ಕೇಳ್ತಿರೋದು.”